ಯಾವ ಕಣ್ಣಿಗೆ

ಹೋದ ವರ್ಷ ಇದೇ ಸಾಲಿಯೊಳಗ ಎಪ್ಪತ್ತು ಮಕ್ಕಳ ಫೋಟೊ ತೆಗೆದೆ,
ನಲವತ್ತು ಕೆಟ್ಟವು.
ಮೂಗಿನ ತುದಿ ಖಡಕ್ಕಾಗಿ ಬಂದಿತ್ತು,
ಕಣ್ಣು ಮಾತ್ರ ಬಾವ್ಯಾಗ ಬಿದ್ದ ನಾಣ್ಯ.
ಕಿವಿಯ ರಿಂಗಿನ ಹರಳು ಎಣಿಸಬಹುದು,
ರಿಂಗು ಹಾಕಿದಾಕಿ ಯಾರಂತ ಹೇಳ್ಲಕ್ಕ ಬರಲ್ಲ.

ಶಹಾಬಾದ ಠೇಸನ್ ರೋಡಿನಾಗ ನಲವತ್ತು ವರ್ಷ
ಸ್ಟುಡಿಯೊ ಇಟ್ಟಿದ್ದ ನಬಿಲಾಲ ಉಸ್ತಾದ
ಒಂದೊಂದು ಪ್ರಿಂಟೂ ಮೂಗಿಗೆ ಹಚ್ಚಿ ನೋಡಿದ,
ವಾಸನಿ ತಗೊಂಡಂಗ.
"ಕ್ಯಾಮೆರಾ ಬರೋಬರಿ ಅದವ್ವ, ನೀ ತಪ್ಪೀದಿ.
ಒಂದು ಪಾಯಿಂಟ್ ಎಂಟಕ್ಕ ಬಾಗಲಾ ಪೂರಾ ತೆರೆದೀದಿ.
ಅಷ್ಟು ತೆರೆದ್ರ ಚೊಕ್ಕ ಕಾಣೂದು ಎರಡೇ ಬೆರಳಿನ ಜಾಗ,
ಪೋರ ಉಸುರು ಬಿಟ್ರೂ ಅದರ ಆಚಿ ಹೋಗ್ತದ.
ಸೆಕೆಂಡಿನ ಅರವತ್ತನೇ ಪಾಲು ನಮ್ಮಂಥಾ ಮುದುಕರಿಗೆ ಸಾಕು,
ಎರಡನೆತ್ತೆ ಹುಡುಗರಿಗೆ ಐದುನೂರನೇ ಪಾಲು ಬೇಕು.
ಮತ್ತ ನಿಂತು ತೆಗಿಬ್ಯಾಡ.
ನಿಂತು ತೆಗೆದಾಂವ ಪೊಲೀಸ."

ಈ ಸಲ ಒಂಬತ್ತೂವರಿಗೇ ಹೋದೆ.
ಬಿಸಿಯೂಟದ ಗೌರಕ್ಕ ಅಂಗಳಕ್ಕ ನೀರು ಹೊಡಿಲಕ್ಕ
ಬಕೀಟು ಎತ್ತಿದ್ಲು.
ಬ್ಯಾಡಕ್ಕ, ಇವತ್ತೊಂದಿನ ಧೂಳು ಇರ್ಲಿ ಅಂದೆ.
ಆಚಿ ಪಾಲಿಶ್ ಮಷೀನಿನಿಂದ ಹಾರಿಬಂದ ಬಿಳೀ ಪುಡಿ
ಫರ್ಸಿಕಲ್ಲಿನ ಮ್ಯಾಲ ಹಿಟ್ಟಿನಂಗ ಕುಂತಿತ್ತು.
ಬಿಸಿಲು ಅದಕ್ಕ ಬಡಿದು, ಮೆತ್ತಗಾಗಿ, ವರಾಂಡಾಕ್ಕ ಹತ್ತಿ
ಮಕ್ಕಳ ಗದ್ದದ ಕೆಳಗಿನ ಕತ್ತಲಿ ಒರೆಸ್ತಿತ್ತು.
ಕಲಬುರಗಿಯೊಳಗ ಇದೇ ಕೆಲಸಕ್ಕ
ಎರಡು ಸಾವಿರದ ಬಿಳೀ ಛತ್ರಿ ಮಾರ್ತಾರ.

ಹೊಟ್ಟಿ ಹಚ್ಚಿ ನೆಲಕ್ಕ ಬಿದ್ದೆ.
ಕೆಂಪು ಚೌಕ ಒಂದೇ ಇಟ್ಟೆ, ಹತ್ತಿರದ ಕಣ್ಣಿನ ಮ್ಯಾಲ.
ಅಣವೀರ ಬಂದ, ಬಿದ್ದ ಹಲ್ಲಿನ ಸಂದ್ಯಾಗ ನಾಲಿಗಿ ಇಟ್ಟ.
ರುಕಯ್ಯಾಗ ಬಿಕ್ಕಳಿಕಿ; ಎರಡು ಬಿಕ್ಕಿನ ನಡುವ ಒತ್ತಿದೆ.
ಒಬ್ಬಾಕಿ "ನಗು" ಅಂದ್ರ ಅತ್ಲು,
ಬಿಟ್ಟುಬಿಟ್ಟೆ, ತಾನಾ ನಕ್ಕಳು.

ಆಮ್ಯಾಲ ಜಗದೇವಿ.
ಟೀಚರ್ ನನ್ನ ಕಿವ್ಯಾಗ: "ಆಕಿದು ಸೈಡಿನಿಂದ ತೆಗಿರಿ,
ಮೆಳ್ಳಗಣ್ಣು ಅದ, ಎದುರಿಂದ ಚಂದ ಬರಲ್ಲ."
ಯಾರೂ ಹೇಳೂಕಿಂತ ಮೊದಲೇ
ಹುಡುಗಿ ಮಾರಿ ಹೊಳ್ಳಿಸಿ ಕುಂತಿದ್ಲು.
ಏಳು ವರ್ಷದಾಕಿಗಿ ಎಷ್ಟು ಫೋಟೊದ ರೂಢಿ ಅದು!

ನನ್ನ ಕೆಂಪು ಚೌಕ ಅತ್ತ ಹೋತು, ಇತ್ತ ಬಂತು.
ಕೇಳೇಬಿಟ್ಟೆ: ಯಾವ ಕಣ್ಣಿಗೆ ಹಚ್ಚಲಿ ಜಗದೇವಿ?
ಆಕಿ ಪೂರಾ ತಿರುಗಿದ್ಲು.
"ಈ ಕಣ್ಣು ನಿಮ್ಮನ್ನ ನೋಡ್ಲಕತ್ತದ.
ಇದು ಖೋಖೋ ನೋಡ್ಲಕತ್ತದ.
ಯಾರು ಔಟ್ ಅಂತ ಹೇಳ್ಲೇನು?"

ಒಂದು ಪಾಯಿಂಟ್ ಎಂಟಿಗೇ ಬಿಟ್ಟು, ಮಾರಿ ಒಂದೀಟು ಹೊಳ್ಳಿಸಿದ್ರ
ಒಂದು ಕಣ್ಣು ಮಂಜಾಗ್ತಿತ್ತು,
ಯಾರಿಗೂ ಗೊತ್ತಾಗ್ತಿರಲಿಲ್ಲ.
ಅದು ಮರ್ಯಾದಿ ಅಂತ ಹೋದ ವರ್ಷ ತಿಳಿದಿದ್ದೆ.

ಗಾಲಿ ತಿರುವಿದೆ: ನಾಲ್ಕು, ಐದು ಪಾಯಿಂಟ್ ಆರು.
ಬಾಗಲಾ ಸಣ್ಣದಾತು, ಬೆಳಕು ಕಡಿಮಿ ಬಿತ್ತು.
ಶಟರ್ ಇಳಿಸೂ ಹಂಗಿಲ್ಲ, ಆಕಿ ಮೈಯೆಲ್ಲ ಕುಣಿಸಿ ನಗ್ಲಕತ್ತಾಳ.
ಐಎಸ್‌ಒ ಏರಿಸಿದೆ, ಸಾವಿರದ ಆರುನೂರಕ್ಕ.
ನುಚ್ಚು ಬೀಳ್ತದ, ಗೊತ್ತು.
ಬೀಳ್ಲಿ.

ಸಂಜಿಮುಂದ ಉಸ್ತಾದನ ಮನಿಗಿ ಒಯ್ದೆ.
ಮೂಗಿಗೆ ಹಚ್ಚಿ ನೋಡಿದ.
"ನುಚ್ಚು ಭಾಳ ಅದ," ಅಂದ.
ಮತ್ತ ಸುಮ್ಮನಾದ. ಚಾ ಆರ್‍ತು.
ಆಕಿ ಒಂದು ಕಣ್ಣಿನ ಕರಿಯೊಳಗ
ನೆಲಕ್ಕ ಬಿದ್ದ ನಾನು, ಸಾಸಿವಿಯಷ್ಟು.
ಇನ್ನೊಂದರ ಅಂಚಿನಾಗ
ಬಿಸಿಲಿನ ಒಂದು ತುಂಡು ಅಂಗಳ.

"ಈಕಿ ಅಲ್ಲಿ ಯಾರನ್ನ ನೋಡ್ಲಕತ್ತಾಳ?"

ಖೋಖೋ, ಅಂದೆ. ಅಣವೀರ ಔಟ್.