ಎತ್ತಿನ ಹೆಸರು

ನೀನು ಹುಟ್ಟಿದ ದಿನ ನಮಗೆ ಮನೆಯಿರಲಿಲ್ಲ.
ಇತ್ತು, ಆದರೆ ಕಡಲಿನ ಮೇಲಿತ್ತು.

ಮನೆ ಕಟ್ಟಿ ನೋಡು ಅನ್ನುತ್ತಾರೆ ಬಲ್ಲವರು,
ಎಳೆದು ನೋಡಿದವರನ್ನು ಕೇಳಬೇಕು.
ಪಾಲಿನಲ್ಲಿ ನಿನ್ನಪ್ಪನಿಗೆ ಮನೆ ಬಂತು,
ಮನೆಯ ಕೆಳಗಿನ ನೆಲ ದೊಡ್ಡಪ್ಪನಿಗೆ.
ಬೇರೆ ಕಡೆಯಾದರೆ ಕೋರ್ಟು ಹತ್ತುತ್ತಿದ್ದರು,
ಚಿಲೊಯೆಯಲ್ಲಿ ಎತ್ತು ಕಟ್ಟುತ್ತಾರೆ.

ಕಿಟಕಿಯ ಗಾಜು ಬಿಚ್ಚಿ, ಒಲೆಯ ಹೊಗೆಕೊಳವೆ ಇಳಿಸಿ,
ಗೋಡೆಗೆ ಒಳಗಿಂದ ಅಡ್ಡಪಟ್ಟಿ ಬಡಿದು,
ಕೆಳಗೆ ಉರುಳುಮರ ತೂರಿಸಿ,
ಆರು ಜೋಡಿ ಎತ್ತು, ನಲವತ್ತು ಜನ.
ಅವರಿಗೆ ಕೂಲಿಯಿಲ್ಲ, ಊಟವುಂಟು.
ಅದಕ್ಕೇ ನಾನು ಈಚೆ ದ್ವೀಪದಲ್ಲಿ,
ಚಿಕ್ಕಮ್ಮ ಎಲ್ಸಿರಾಳ ಅಡುಗೆಮನೆಯಲ್ಲಿ
ಬಕೆಟ್ಟುಗಟ್ಟಲೆ ಆಲೂಗಡ್ಡೆ ಸುಲಿಯುತ್ತಿದ್ದೆ.
ದಿನ ತುಂಬಲು ಇನ್ನೂ ಮೂರು ವಾರವಿತ್ತು.

ಮೂರನೆಯ ಬಕೆಟ್ಟಿಗೆ ಉಮ್ಮನೀರು ಒಡೆಯಿತು.
ಆಲೂಗಡ್ಡೆ ತೊಳೆದ ನೀರು ಚೆಲ್ಲಿತೆಂದುಕೊಂಡು
ಒರೆಸಲು ಬಟ್ಟೆ ಹುಡುಕಿದೆ, ಪೆದ್ದಿ.
ಎಲ್ಸಿರಾ ನಕ್ಕಳು. ಆಮೇಲೆ ನಗಲಿಲ್ಲ.

ಸೂಲಗಿತ್ತಿ ಒತೀಲಿಯಾ ಕೂಡ
ಆಚೆಗೆ ಎತ್ತು ನೋಡಲು ಹೋಗಿದ್ದಳು,
ದೋಣಿ ಕಳಿಸಿ ಕರೆಸಬೇಕಾಯಿತು.
ಬಂದವಳು ಕೈ ತೊಳೆಯುತ್ತ ಹೇಳಿದಳು:
'ಉಬ್ಬರ ಏರುತ್ತಲೇ ಮನೆ ತೇಲಿತು ಕಣೇ,
ಸುತ್ತ ಪೀಪಾಯಿ ಕಟ್ಟಿದ್ದಾರೆ,
ನಾಲ್ಕು ದೋಣಿ ಎಳೀತಿವೆ.'
'ಅವನು?' ಅಂದೆ.
'ಮಾಡಿನ ಮೇಲೆ ಕೂತಿದ್ದಾನೆ, ಕೋಳಿಯ ಹಾಗೆ.'

ಮಂಚವನ್ನು ಕಿಟಕಿಯ ಬಳಿಗೆ ಎಳೆಸಿದೆ.
ನೋವು ಬಂದಾಗ ಕಣ್ಣು ಮುಚ್ಚುತ್ತಿದ್ದೆ,
ಬಿಟ್ಟಾಗ ತೆರೆದರೆ ಮನೆ ಅಷ್ಟೇ ದೂರ.
ಮತ್ತೆ ಮುಚ್ಚಿ ತೆರೆದರೂ ಅಷ್ಟೇ ದೂರ.
ಬೂದು ನೀರು, ಬೂದು ಆಕಾಶ, ನಡುವೆ
ಹಳದಿ ಬಾಗಿಲಿನ ಪೆಟ್ಟಿಗೆಯೊಂದು.
ಬಾಗಿಲು ನನ್ನ ಕಡೆಗೇ ತಿರುಗಿತ್ತು,
ಮುಚ್ಚಿತ್ತು.
ಯಾರು ಯಾರ ಕಡೆಗೆ ಬರುತ್ತಿದ್ದಾರೆಂಬುದೇ
ಒಂದು ಹಂತದಲ್ಲಿ ಮರೆತುಹೋಯಿತು.
ಬೈದೆ. ಅವನನ್ನು, ಅವನ ಅಣ್ಣನನ್ನು,
ಪಾಲುಪತ್ರ ಬರೆದ ಗುಮಾಸ್ತನನ್ನು,
ಇಡೀ ಪೆಸಿಫಿಕ್ಕನ್ನು.

ನಿನ್ನಪ್ಪ ಈಗ ಬಂದವರಿಗೆಲ್ಲ ಹೇಳುತ್ತಾನೆ:
ಹಗ್ಗ ಹರಿಯಿತು, ಮನೆ ವಾಲಿತು,
ಅದೇ ಗಳಿಗೆಗೆ ದಡದಿಂದ ಮಗು ಅತ್ತದ್ದು ಕೇಳಿತು.
ನಂಬಬೇಡ.
ಹಗ್ಗ ಹರಿದದ್ದು ಮಧ್ಯಾಹ್ನ. ನೀನು ಬಂದದ್ದು
ದೀಪ ಹಚ್ಚಿದ ಮೇಲೆ. ಬಂದು ಅಳಲೂ ಇಲ್ಲ.
ಒತೀಲಿಯಾ ನಿನ್ನನ್ನು ತಲೆಕೆಳಗು ಹಿಡಿದು
ಬೆನ್ನು ಉಜ್ಜಿದಳು, ಉಜ್ಜಿದಳು.
ಒಲೆಯ ಮೇಲೆ ಯಾರೋ ಮರೆತ ನೀರು
ಕುದಿಯುವುದನ್ನೇ ಕೇಳುತ್ತ ಮಲಗಿದ್ದೆ.
ಅಷ್ಟು ಹೊತ್ತಿನ ಕಥೆ ಅವನಿಗೆ ಗೊತ್ತಿಲ್ಲ.
ನಾನು ಹೇಳಿಲ್ಲ.
ಆಮೇಲೆ ಬೆಕ್ಕು ಸೀನಿದಂಥ ಒಂದು ಸದ್ದು.

ಹೊರಗೆ ಇಳಿತ ಶುರುವಾಗಿತ್ತು,
ನೀರು ಸರಿಯುವ ಮೊದಲು ಮನೆ ದಡ ಹತ್ತಬೇಕು.
ಈಚೆ ಕಡೆಯ ಎತ್ತುಗಳೆಲ್ಲ ಕೆಸರಿನಲ್ಲಿ ಮಂಡಿಯೂರಿದವಂತೆ,
ಊರದೆ ನಿಂತದ್ದು ಒಂದೇ,
ನೆರೆಮನೆಯ ಮುದಿ ಕೆಂದೆತ್ತು,
ಹಣೆಯಲ್ಲಿ ಬಿಳಿ ಬೊಟ್ಟು.
ಅದರ ಹೆಸರು ಲುಸೇರೊ, ಬೆಳ್ಳಿಚುಕ್ಕಿ.

ರೊಸಮೆಲ್ ಒಳಗೆ ಬಂದಾಗ ಸೊಂಟದವರೆಗೆ ಕೆಸರು,
ಅಂಗೈ ಎರಡೂ ಹಗ್ಗಕ್ಕೆ ಸುಲಿದುಹೋಗಿದ್ದವು.
ಮುಟ್ಟಲಾರದೆ, ಮೊಣಕೈ ಮಡಿಸಿ
ತೊಟ್ಟಿಲು ಮಾಡಿ ನಿನ್ನನ್ನು ಇಸಿದುಕೊಂಡ.
ಬಹಳ ಹೊತ್ತು ನೋಡಿ ಕೇಳಿದ್ದು ಇಷ್ಟೇ:
'ಇವಳ ಊಟ ಆಯಿತಾ?'

ಹೆಸರು ಬರೆಯುವಾಗ ಪಾದ್ರಿ ಹಿಗ್ಗಿದರು,
'ಬೆಳಗಿನ ನಕ್ಷತ್ರ! ಎಷ್ಟು ಯೋಚಿಸಿ ಇಟ್ಟಿದ್ದೀರಿ!'
ನಾವಿಬ್ಬರೂ ನೆಲ ನೋಡಿದೆವು.

ಮನೆ ನೆಟ್ಟಗೆ ಕೂರಲಿಲ್ಲ, ನಿನಗೇ ಗೊತ್ತು.
ಮೇಜಿನಿಂದ ಬಿದ್ದ ಆಲೂಗಡ್ಡೆ ಇಂದಿಗೂ
ಕಡಲ ಕಡೆಗೇ ಉರುಳುತ್ತದೆ.
ನಿನ್ನ ಮೊದಲ ಹೆಜ್ಜೆಗಳೂ ಹಾಗೇ,
ಇಳಿಜಾರಿನಲ್ಲಿ ನಿಲ್ಲಲಾರದೆ ಓಡಿ
ಹಳದಿ ಬಾಗಿಲಿಗೆ ಹಣೆ ತಾಗಿಸಿಕೊಂಡು,
ಚಿಲಕ ಎಟುಕದೆ,
ತಿರುಗಿ ನನ್ನನ್ನು ನೋಡಿದೆ, ನೀನು.