ಕಿವಿಯ ಅಂಚು

ಡೋಗ್ಲಾ ಹುಡುಗಿಯರೆಲ್ಲ ಚೆಲುವೆಯರಂತೆ.
ಸ್ಯಾನ್ ಫೆರ್ನಾಂಡೊದ ಮೀನುಮಾರುಕಟ್ಟೆಯಲ್ಲಿ,
ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ,
ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗಲೂ
ಹೇಳಿದ್ದಾರೆ ನನಗೆ.
ಹೇಳಿ, ನನ್ನ ಮುಖ ನೋಡಿ,
ಒಂದು ಕ್ಷಣ ತಡೆದು
ಮಾತು ಬದಲಿಸಿದ್ದಾರೆ:
ಈ ಸಲ ಬಿಸಿಲು ಬೇಗ ಬಂತಲ್ಲವೆ?

ಆ ಒಂದು ಕ್ಷಣದೊಳಗೆ
ನಲವತ್ತೊಂದು ವರ್ಷ ಬದುಕಿದ್ದೇನೆ.

ಅಪ್ಪ ಎಲ್ರಿಕ್ ಬ್ಯಾಪ್ಟಿಸ್ಟ್, ಎಣ್ಣೆ ಕಾರ್ಖಾನೆಯಲ್ಲಿ ಬೆಸುಗೆಯವನು.
ಅಮ್ಮ ದುಲಾರಿ, ಕಬ್ಬು ಕಡಿಯಲು ಹಡಗೇರಿ ಬಂದವರ ಮರಿಮಗಳು.
ಎರಡು ಮನೆಗೂ ಎಣ್ಣೆ ಸೀಗೆಕಾಯಿ.
ನಾನಿ ಸಾಯುವತನಕ ನಮ್ಮ ಮನೆಯ ನೀರು ಮುಟ್ಟಲಿಲ್ಲ;
ಗೇಟಿನಾಚೆ ನಿಂತೇ ಮಾವಿನಕಾಯಿ ಕೊಟ್ಟು ಹೋಗುತ್ತಿದ್ದಳು,
ಜೊತೆಗೊಂದು ಬೈಗುಳ. ಅದೇ ಪದ, ಡೋಗ್ಲಾ.
ಆಗ ಅದಕ್ಕೆ ಬೆರಕೆ ಎಂದಷ್ಟೇ ಅರ್ಥ,
ಬೀದಿನಾಯಿಗೂ ನಮಗೂ ಒಂದೇ.
ಬೈಗುಳ ಯಾವಾಗ ಹೊಗಳಿಕೆಯಾಯಿತೋ
ಯಾರೂ ಬಂದು ತಿಳಿಸಲಿಲ್ಲ.

ತಂಗಿ ಜಿಸೆಲ್‌ಳಲ್ಲಿ ಎಲ್ಲ ಹದವಾಗಿ ಬೆರೆಯಿತು ಎನ್ನುತ್ತಾರೆ,
ಸೌಟು ತಿರುವಿದವರು ತಾವೇ ಎಂಬಂತೆ.
ಸೊಂಟದವರೆಗೆ ಅಮ್ಮನ ಕೂದಲು, ಅಪ್ಪನ ಕೆನ್ನೆಮೂಳೆ.
ನನಗೆ ಅಪ್ಪನ ತಾಯಿಯ ದವಡೆ, ನಾನಿಯ ಗಿಡ್ಡ ಕುತ್ತಿಗೆ,
ಮುಂಚಾಚಿದ ಹಲ್ಲು ಯಾರದೋ,
ಎರಡು ಕಡೆಯವರೂ ಒಪ್ಪಿಕೊಂಡಿಲ್ಲ.
ಅದೇ ಗಂಡ, ಅದೇ ಹೆಂಡತಿ, ಅದೇ ಮಂಚ.
ಲೆಕ್ಕ ಮಾತ್ರ ತಾಳೆಯಾಗಲಿಲ್ಲ.

ಹತ್ತೊಂಬತ್ತರಲ್ಲಿ ಒಬ್ಬ ಬಂದ, ಲೆಸ್ಟರ್, ಅಂಚೆಕಚೇರಿಯ ಗುಮಾಸ್ತ.
ಇಂಥ ಅಪ್ಪನಿಗೆ ಇಂಥ ಅಮ್ಮನಿಗೆ ಹುಟ್ಟಿದ ಹುಡುಗಿಯರಿದ್ದಾರೆಂದು
ಯಾರೋ ಹೇಳಿದ್ದರಂತೆ.
ನೋಡುವ ಮೊದಲೇ ಮನಸ್ಸು ಕೊಟ್ಟು,
ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.
ಬಾಗಿಲು ತೆಗೆದವಳು ನಾನು.
"ಮನೆಯಲ್ಲಿ ಇನ್ಯಾರೂ ಇಲ್ಲವೆ?" ಎಂದ.

ಕಾರ್ನಿವಲ್‌ಗೆ ಮೂರು ತಿಂಗಳಿರುವಾಗಿಂದ
ಕಾಫಿ ಬೀದಿಯ ಶೆಡ್ಡಿನಲ್ಲಿ ನಾನು ಗರಿ ಅಂಟಿಸುತ್ತೇನೆ.
ಬಿಸಿ ಗೋಂದು, ಹಸಿರು ಮಣಿ,
ಬೆರಳ ತುದಿಗೆ ಚರ್ಮವಿಲ್ಲ.
ಒಂದು ವರ್ಷ ಜಿಸೆಲ್‌ಳನ್ನು ಮುಂದಿನ ಸಾಲಿಗೆ ಆರಿಸಿದರು.
ಆರಿಸಿದವನು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ
"ಏನೇನು ಬೆರೆತಿದೆ ಇದರಲ್ಲಿ?" ಎಂದ.
ಇದರಲ್ಲಿ.
ಜ್ಯೂಸ್ ಅಂಗಡಿಯಲ್ಲಿ ಕೇಳುವ ಹಾಗೆ.
ಅವಳು ನಕ್ಕಳು. ಅಂದು ರಾತ್ರಿ ರೆಕ್ಕೆ ಬಿಚ್ಚಿಸಿಕೊಂಡು,
ತಂತಿ ಗೀರಿದ ಬೆನ್ನಿಗೆ ನಾನು ತೆಂಗಿನೆಣ್ಣೆ ಹಚ್ಚುತ್ತಿದ್ದರೆ
ಗೋಡೆಗೆ ಹೇಳಿದಳು:
ನನ್ನನ್ನು ನೋಡಿ ಯಾರೂ ಚಂದ ಅಂದಿಲ್ಲ ಕಣೇ ಅಕ್ಕ,
ಅಪ್ಪನನ್ನೂ ಅಮ್ಮನನ್ನೂ ಕೂಡಿಸಿ ನೋಡಿ ಅಂದಿದ್ದಾರೆ.
ನಾನು ಮರುಗಲಿಲ್ಲ.
ನಿಜ ಹೇಳುತ್ತೇನೆ,
ತುಸು ಜೋರಾಗಿಯೇ ಉಜ್ಜಿದೆ.

ಈಗ ಅವಳಿಗೊಂದು ಮಗು.
ಗಂಡ ಆಚೊಂಗ್, ಚೀನೀ ಬೇಕರಿಯವರ ಮಗ.
ಬಂದವರಿಗೆಲ್ಲ ಬಾಯಲ್ಲಿ ನೀರು:
ಮೂರು ಬೆರೆತರೆ ಇನ್ನೆಷ್ಟು ಚೆಲುವು!
ತೊಟ್ಟಿಲಿಗೆ ಬಾಗುತ್ತಾರೆ, ಟೋಪಿ ಸರಿಸುತ್ತಾರೆ,
ಕಿವಿಯ ಅಂಚು ಮಡಿಚಿ ನೋಡುತ್ತಾರೆ.
ಮುಂದೆ ಬರುವ ಬಣ್ಣ ಅಲ್ಲಿ ಮೊದಲೇ ಬರೆದಿರುತ್ತದಂತೆ,
ಬಟ್ಟೆ ಕೊಳ್ಳುವವರು ಒಳಹೊಲಿಗೆ ನೋಡುವ ಹಾಗೆ.

ಪಕ್ಕದ ಮನೆಯ ಮಿಸ್ ಒಡೆಟ್ ನೋಡಿದಳು.
ತುಟಿ ಒಳಗೆಳೆದುಕೊಂಡಳು.
ಬಂದು ನಿಂತಿತು ಅದೇ ಕ್ಷಣ,
ನನಗೆ ಅಡಿಯಿಂದ ಮುಡಿಯವರೆಗೆ ಗೊತ್ತಿರುವ ಕ್ಷಣ.
ಆಮೇಲೆ, "ಗಟ್ಟಿಯಾಗಿದೆಯಲ್ಲ, ಅಷ್ಟು ಸಾಕು.
ಈ ಸಲ ಬಿಸಿಲು..."

"ಹೌದು, ಬೇಗ ಬಂತು," ಎಂದೆ,
ಪುಟ್ಟ ಕಿವಿಯಿಂದ ಅವಳ ಬೆರಳು ಬಿಡಿಸಿ.
ಮಗು ಸೀನಿತು.
ಗೋಂದು ಒಣಗಿದ ನನ್ನ ಹೆಬ್ಬೆರಳು ಹಿಡಿದು
ಬಾಯಿಗೆಳೆದುಕೊಂಡು ಚೀಪಿ
ಮುಖ ಕಿವಿಚಿತು.
ಎಷ್ಟು ವಿಕಾರವಾಗಿ ಕಿವಿಚಿತೆಂದರೆ
ನಾನೂ ಜಿಸೆಲ್ಲೂ
ಬಿದ್ದು ಬಿದ್ದು ನಕ್ಕೆವು.