ಕಮಾನು

ಯಾವ ದಫ್ತರದಲ್ಲೂ ನಕ್ಷೆ ಸಿಗಲಿಲ್ಲ.
ಆನಗೋಡಿನಾಚೆ, ಎರೆಹೊಲದ ನಡುವೆ
ಹತ್ತಿತೋಟದ ಬಂಗಲೆ ಇತ್ತೆಂಬುದಕ್ಕೆ
ಉಳಿದದ್ದು ಅಜ್ಜ ದಾವಲಸಾಬನ ಉದ್ದನೆ ವಹಿ.
ಕೆಂಪು ಬಟ್ಟೆಯ ರಟ್ಟು, ಒಳಗೆ
ಹಾಸಿಗೆಗಳ ಲೆಕ್ಕ.

ಅವನು ಮನೆ ಅಳೆದವನಲ್ಲ, ಅರಳೆ ಹಿಂಜಿದವನು.
ವರ್ಷಕ್ಕೊಮ್ಮೆ ಹಿಂಬಾಗಿಲಿಂದ ಹೋಗಿ
ಗಂಟುಗಟ್ಟಿದ್ದನ್ನೆಲ್ಲ ಬಿಡಿಸಿ
ಹಗುರ ಮಾಡಿ ಹೊಲಿದು ಬರುವವನು.

‘ಮಾಳಿಗೆ ಕೋಣೆ, ಮೂಡಲ ಕಿಟಕಿ.
ಜೋಡಿ ಹಾಸಿಗೆ, ನಾಲ್ಕು ಮೊಳ, ನಾಲ್ಕು.
ಪಡಸಾಲೆ. ಗಾದಿ ಹತ್ತು, ಲೋಡು ಇಪ್ಪತ್ತು.
ಉಯ್ಯಾಲೆ ಮಣೆಗೆ ಗೇಣು ಕಮ್ಮಿ,
ಸರಪಳಿ ತಾಗುತ್ತದೆ.’

ಐಟಿಐನಲ್ಲಿ ನಕ್ಷೆ ಕಲಿತವಳು ನಾನು,
ಕಾಗದ ಹಾಸಿ ಗೀಟು ಎಳೆದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ;
ಇಲ್ಲಿ ಹಾಸಿಗೆ ಇದ್ದಷ್ಟು
ಮನೆಯೇ ಕಾಲು ಚಾಚಿತು.

ಗಾರೆಗೆ ಬೆಲ್ಲ ಅರೆದರೋ, ಅಳಲೆಕಾಯಿಯೋ?
ತೊಲೆ ತೇಗವೋ, ಮತ್ತಿಯೋ? ವಹಿಗೆ ಬೇಕಿಲ್ಲ.
ಕಮಾನು ಅಂತ ಮಾತ್ರ ಮೂರು ಕಡೆ ಇತ್ತು.
ಹಿಗ್ಗಿ, ಮೂರು ಬಾಗಿಲ ತಲೆ ಬಾಗಿಸಿದೆ.
ಅಜ್ಜಿ ಮಾಬವ್ವ ಬೊಚ್ಚುಬಾಯಲ್ಲಿ ನಕ್ಕಳು:
‘ಅದು ನಿಮ್ಮಜ್ಜನ ಬಿಲ್ಲು ಕಣೇ!
ನರ ಹರ್ದಾಗೆಲ್ಲ ಬರ್ಕಂಡಾನೆ,
ಕಮಾನು ರಿಪೇರಿ, ಆರಾಣೆ.’
ಮೂರೂ ಅಳಿಸಿದೆ. ರಬ್ಬರಿನ ಪುಡಿ ಊದಿದೆ.

ಒಂದು ಸಾಲು ಮಾತ್ರ ಎಲ್ಲೂ ಕೂರದು:
‘ಮೆಟ್ಟಿಲ ಕೆಳಗೆ. ಒಂದಾಳಿನದು.
ಒಂದೂವರೆ ಮೊಳ ಅಗಲ, ಮೀರಬಾರದು.
ಹಳೇ ಅರಳೆ ಸಾಕೆಂದರು.’
ಒಂಬತ್ತು ವರ್ಷ ಅದೇ ಮಾತು, ಅದೇ ಮಸಿ.
ಹತ್ತನೇ ವರ್ಷ:
‘ಹೊಸ ಅರಳೆ ತುಂಬಿದೆ. ನನ್ನ ಲೆಕ್ಕಕ್ಕೆ.’

ಯಾರು ಮಲಗುತ್ತಿದ್ದರು?
ಮಾಬವ್ವ ಎಲೆಗೆ ಸುಣ್ಣ ಸವರುತ್ತ
ಬೇರೆ ಮಾತಿಗೆ ಹೋದಳು.

ಅದಾದ ಮೇಲೆ ವಹಿ ಖಾಲಿ.
ಎರೆಮಣ್ಣು ಪಾಯ ತಡೆಯುವುದಿಲ್ಲ;
ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು
ಗೋಡೆಯ ಸಂದಿಯಲ್ಲಿ ಕೈಯಾಡುವಷ್ಟು ಬಾಯಿ ಬಿಟ್ಟಿತಂತೆ.
ತೊಲೆ ಹರಾಜಿಗೆ, ಕಲ್ಲು ಸೇತುವೆಗೆ.
ಮೊನ್ನೆ ಹೋಗಿ ನಿಂತೆ:
ಆಳೆತ್ತರ ಮೆಕ್ಕೆಜೋಳ, ಒಳಗೆಲ್ಲೋ ಪಂಪಿನ ಸದ್ದು.
ಎಲ್ಲಿ ಪಡಸಾಲೆ ಅಂತ ಕಾಲಿಗೂ ತಿಳಿಯಲಿಲ್ಲ.

ನನ್ನ ನಕ್ಷೆಯಲ್ಲಿ ಎಲ್ಲ ಗೋಡೆಯೂ
ಪೆನ್ಸಿಲ್ಲಿನ ಚುಕ್ಕೆಗೀಟು, ಅಂದಾಜು.
ಮೆಟ್ಟಿಲ ಕೆಳಗಿನದಷ್ಟೇ
ಮಸಿಯಲ್ಲಿ ಬರೆದೆ:
ನಾಲ್ಕು ಮೊಳ ಉದ್ದ,
ಒಂದೂವರೆ ಅಗಲ,
ಮೀರಬಾರದು.